ಯಾವ ವಾರ್ಡಿನದು?

ಈ ಆಸ್ಪತ್ರೆಯ ರಕ್ತವನ್ನೆಲ್ಲ ಒಗೆಯುವವರು ನಾವು ಹನ್ನೊಂದು ಹೆಂಗಸರು. ಇರುವುದು ನೆಲಮಾಳಿಗೆಯಲ್ಲಿ. ಹಿಂದಿನ ಗೇಟಿನಿಂದ ಬರುತ್ತೇವೆ, ಹಿಂದಿನ ಗೇಟಿನಿಂದಲೇ ಹೋಗುತ್ತೇವೆ. ಮೇಲೆ ಮಲಗಿರುವ ಯಾವ ರೋಗಿಯೂ ನಮ್ಮ ಮುಖ ನೋಡಿಲ್ಲ. ಅವರ ಒಳಗಿನದನ್ನೆಲ್ಲ ಮಾತ್ರ ನಾವು ನೋಡಿದ್ದೇವೆ.

ಕೊಳೆ ಬಟ್ಟೆಯ ಗಂಟುಗಳು ತಳ್ಳುಗಾಡಿಯಲ್ಲಿ ಇಳಿಜಾರಿನಿಂದ ಬರುತ್ತವೆ. ಬಿಚ್ಚಿದ ತಕ್ಷಣ ಯಾವ ವಾರ್ಡಿನದು ಎಂದು ಹೇಳಬಲ್ಲೆವು. ಹೆರಿಗೆಯದು ಅಗಲವಾಗಿ ಹರಡಿರುತ್ತದೆ. ಆಪರೇಷನ್ ಥಿಯೇಟರಿನದು ಹಸಿರು ಬಟ್ಟೆಯ ಮೇಲೆ ಕಪ್ಪಗೆ ಕಾಣುತ್ತದೆ. ಜ್ವರದ ವಾರ್ಡಿನಿಂದ ಬಂದರೆ ದಿಂಬಿನ ಚೀಲದ ಮೇಲೆ ಒಂದೆರಡು ಚುಕ್ಕಿ, ಅಷ್ಟೆ. ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ತಾಗಿದರೆ ಕಚ್ಚಿಕೊಂಡುಬಿಡುತ್ತದೆ. ಹೊರಗೆ ಎಂಥ ಚಳಿಯಿದ್ದರೂ ಮೊಣಕೈವರೆಗೆ ತಣ್ಣೀರು. ಅಲ್ಲಿಂದ ಮಿಷನ್ನು. ಅಲ್ಲಿಂದ ಬಿಸಿ ರೋಲರು. ಒಂದು ಕಡೆಯಿಂದ ಒದ್ದೆಯಾಗಿ ಒಳಗೆ ಹೋದ ಬಟ್ಟೆ ಇನ್ನೊಂದು ಕಡೆಯಿಂದ ಹೊಸ ಕಾಗದದ ಹಾಗೆ ಹೊರಗೆ ಬರುತ್ತದೆ.

ರೋಲರಿನ ಆ ಕಡೆ ಅಕ್ಕ, ಈ ಕಡೆ ನಾನು. ಒಂಬತ್ತು ವರ್ಷದಿಂದ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಕೊಡವಿದ್ದೇವೆ, ಮಡಚಿದ್ದೇವೆ. ಅವಳು ನನ್ನ ಒಡಹುಟ್ಟಿದವಳಲ್ಲ. ವಯಸ್ಸಿನಲ್ಲೂ ನನಗಿಂತ ಒಂದು ವರ್ಷ ಚಿಕ್ಕವಳು. ಆದರೂ ಎಲ್ಲರಿಗೂ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ನಮ್ಮ ಸೂಪರ್‌ವೈಸರಿಗೂ ಅಕ್ಕ. ಅವನನ್ನು ನಾವು ಸೀಟಿ ಅನ್ನುತ್ತೇವೆ. ನಮ್ಮನ್ನು ಕರೆಯಬೇಕಾದರೆ ಬಾಯಲ್ಲಿ ಸೀಟಿ ಹೊಡೆಯುತ್ತಾನೆ, ಅದಕ್ಕೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವನು ಹೊಡೆದ ಕೂಡಲೇ ಅಕ್ಕ, "ಪ್ರೆಷರ್ ಬಂತು ಕಣ್ರೇ, ಒಲೆ ಆರಿಸಿ" ಅನ್ನುತ್ತಾಳೆ.

ಈ ತಮಾಷೆಯೆಲ್ಲ ಎರಡು ವರ್ಷದಿಂದೀಚಿನದು. ಅದಕ್ಕೂ ಮುಂಚೆ ಅಕ್ಕನಿಗೆ ತಮಾಷೆ ಮಾಡುವಷ್ಟು ಉಸಿರೇ ಇರಲಿಲ್ಲ.

ತಿಂಗಳಿಗೆ ಹತ್ತು ದಿನ ಅವಳಿಗೆ ಮುಟ್ಟು. ಅದರಲ್ಲಿ ನಾಲ್ಕು ದಿನ ನೋವು ಹೇಗಿರುತ್ತಿತ್ತೆಂದರೆ, ಬಟ್ಟೆ ಕೊಡವುವಾಗ ಅವಳ ತುದಿ ಕೈಜಾರಿ ಬೀಳುತ್ತಿತ್ತು. ಕೊಳೆ ಬಟ್ಟೆಯ ರಾಶಿಯ ಮೇಲೆ ಮಂಡಿ ಮಡಚಿ ಮಲಗುತ್ತಿದ್ದಳು. ಸೀಟಿಯ ಚಪ್ಪಲಿ ಸದ್ದು ಕೇಳಿದರೆ ಏಳುತ್ತಿದ್ದಳು. ಒಂದು ದಿನ ಅವಳು ತಡೆಯಲಾಗದೆ ಒಗೆದ ಬಟ್ಟೆಯ ಅಟ್ಟಿಯ ಮೇಲೆ ಕೂತುಬಿಟ್ಟಳು. ಎದ್ದಾಗ ಬಿಳಿ ಬಟ್ಟೆ ಬಿಳಿಯಾಗಿ ಉಳಿದಿರಲಿಲ್ಲ. ಸೀಟಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಎಲ್ಲರ ಕಡೆ ತಿರುಗಿಸಿ ತೋರಿಸಿದ.

"ಇದು ಯಾವ ವಾರ್ಡಿನದು ಹೇಳ್ರಮ್ಮ? ನೀವೆಲ್ಲ ಎಕ್ಸ್‌ಪರ್ಟ್ ಅಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವಾಗ ಬೇರೆ ಯಾರದೋ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಾನು ನಕ್ಕೆ. ಅಕ್ಕ ಆ ಬಟ್ಟೆಯನ್ನು ಅವನ ಕೈಯಿಂದ ತಗೊಂಡು ತೊಟ್ಟಿಗೆ ಹೋದಳು. ತಣ್ಣೀರು ಬಿಟ್ಟಳು. ನಮ್ಮ ಕಡೆ ಬೆನ್ನು ಹಾಕಿ ಉಜ್ಜಿದಳು.

ಆವತ್ತು ಸಂಜೆ ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ಸಣ್ಣಗೆ 'ಥಿಯೇಟರ್' ಎಂದು ಬರೆದಳಂತೆ. ಅಲ್ಲಿಂದ ಶುರು. ಸ್ವಲ್ಪ ಹೋದ ದಿನ 'ಜ್ವರ'. ಜಾಸ್ತಿ ಹೋದ ದಿನ 'ಹೆರಿಗೆ'. ಎದ್ದು ನಿಲ್ಲಲಾಗದ ದಿನ 'ಥಿಯೇಟರ್'. ಸೀಟಿ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಅದು. ಅವನಿಗೆ ಗೊತ್ತೇ ಆಗಲಿಲ್ಲ.

ಆ ವರ್ಷವೇ ನಮ್ಮ ಆಸ್ಪತ್ರೆಗೆ ಹೆಂಗಸರ ಡಾಕ್ಟರಾಗಿ ಒಬ್ಬ ವಯಸ್ಸಾದ ಅಮ್ಮ ಬಂದಿದ್ದರು. ಅಕ್ಕ ಹೆದರುತ್ತಲೇ ಹೋದಳು. ಡಾಕ್ಟರಮ್ಮ ಅವಳನ್ನು ಅರ್ಧ ಗಂಟೆ ಕೂರಿಸಿಕೊಂಡು ಕೇಳಿದರು. ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದ ಒಳಗಡೆ ಇರಬೇಕಾದ ಪದರ ಹೊರಗಡೆಯೂ ಬೆಳೆದಿದೆ, ತಿಂಗಳು ತಿಂಗಳು ಅದೂ ರಕ್ತ ಬಿಡುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಗಂಟು ಕಟ್ಟುತ್ತದೆ, ನೋವು ಅದರದ್ದು ಎಂದರು. ಒಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಹಾರ್ಮೋನಿನ ಮಾತ್ರೆ. ದಿನಕ್ಕೊಂದು, ಒಂದೇ ಹೊತ್ತಿಗೆ, ಒಂದು ದಿನವೂ ಬಿಡುವ ಹಾಗಿಲ್ಲ.

ಅಕ್ಕನ ಗಂಡ ಲಗೇಜ್ ಆಟೋ ಓಡಿಸುತ್ತಾನೆ. ಮಾತು ಕಡಿಮೆ, ಗಡಿಬಿಡಿ ಜಾಸ್ತಿ. ಹೆಂಡತಿ ಎಲ್ಲಿ ಮರೆಯುತ್ತಾಳೋ ಎಂದು ಅವಳ ಫೋನಿನಲ್ಲಿ ಬೆಳಿಗ್ಗೆ ಎಂಟಕ್ಕೆ ಅಲಾರಂ ಇಟ್ಟ. ಅಲಾರಂ ಅಂದರೆ ಕೋಳಿ ಕೂಗುವುದು. ಎಂಟು ಗಂಟೆಗೆ ನಮ್ಮ ಶಿಫ್ಟು ಶುರು. ದಿನಾ ನೆಲಮಾಳಿಗೆಯಲ್ಲಿ ಅಷ್ಟು ಮಿಷನ್ನುಗಳ ಗದ್ದಲದ ಮೇಲೆ ಒಂದು ಹುಂಜ ಕೂಗುತ್ತಿತ್ತು.

"ಅಕ್ಕಾ, ನಿನ್ನ ಗಂಡ ಕೂಗ್ತಿದಾನೆ."

"ಕೂಗ್ಲಿ ಬಿಡೆ. ನಿಮ್ಮ ಗಂಡಂದಿರು ಅಷ್ಟಾದ್ರೂ ಕೂಗಿದಾರಾ?"

ಮೊದಲ ಮೂರು ತಿಂಗಳು ಅವಳಿಗೆ ತಲೆನೋವು, ಅಲ್ಲೊಂದು ಇಲ್ಲೊಂದು ಚುಕ್ಕಿ. ಆಮೇಲೆ ನಿಂತಿತು. ಪೂರ್ತಿ ನಿಂತಿತು. ಕ್ಯಾಲೆಂಡರಿನ ಚೌಕಗಳು ಖಾಲಿ ಬಿದ್ದವು. ಅಕ್ಕ ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಒಬ್ಬಳೇ ತಳ್ಳಿಕೊಂಡು ಬಂದಳು. ಬಟ್ಟೆ ಕೊಡವುವಾಗ ಬೇಕೆಂದೇ ಜೋರಾಗಿ ಎಳೆದು ನನ್ನನ್ನು ಮುಗ್ಗರಿಸುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದೂ, ಅದು ಬಹಳ ಕೆಟ್ಟದಾಗಿ ಬರುತ್ತದೆಂದೂ ನಮಗೆ ಗೊತ್ತಾಗಿದ್ದು ಆಗಲೇ.

ಎರಡು ವರ್ಷ ಹೀಗೆ ಕಳೆಯಿತು. ಡಾಕ್ಟರಮ್ಮ ಕೆಲಸದಿಂದ ನಿವೃತ್ತರಾದರು. ಅವರ ಜಾಗಕ್ಕೆ ಹೊಸ ಡಾಕ್ಟರು ಬಂದರು. ಸಣ್ಣ ವಯಸ್ಸು, ಇಸ್ತ್ರಿ ಮುರಿಯದ ಬಿಳಿ ಕೋಟು. ಆ ಇಸ್ತ್ರಿಯೂ ನಮ್ಮದೇ. ಅಕ್ಕ ಮಾತ್ರೆಯ ಚೀಟಿಗೆಂದು ಹೋದವಳು ಐದೇ ನಿಮಿಷಕ್ಕೆ ಕೆಳಗಿಳಿದು ಬಂದಳು. ಬಟ್ಟೆಯ ತುದಿ ಹಿಡಿದಳು. ಕೊಡವಲಿಲ್ಲ.

"ಏನಂದ್ರು?" ಎಂದೆ.

"ಎರಡು ವರ್ಷ ಆಯ್ತಲ್ಲ, ಸಾಕು ನಿಲ್ಸು ಅಂದ್ರು. ಸ್ಕ್ಯಾನ್ ಕ್ಲೀನ್ ಇದೆಯಂತೆ. ನೋವು ವಾಪಸ್ ಬಂದ್ರೆ ಸಾರ್ ಅಂದೆ. ಬಂದ್ರೆ ಗರ್ಭಕೋಶ ತೆಗೆದುಬಿಡೋಣ, ಒಂದು ಮಗು ಆಗಿದೆಯಲ್ಲ, ಇನ್ನೇನು ಕೆಲಸ ಅದಕ್ಕೆ ಅಂದ್ರು."

"ನೀನೇನಂದೆ?"

"ಆಗ ಏನೂ ಹೊಳೀಲಿಲ್ಲ ಕಣೆ. ಎಲ್ಲಾ ಹೊಳೆದಿದ್ದು ಮೆಟ್ಟಿಲು ಇಳಿಯೋವಾಗ. ಅಲ್ಲ, ಹಾಸಿಗೆ ಬಟ್ಟೆ ಬೆಳ್ಳಗಿದೆ ಅಂತ ಒಗೆಯೋರನ್ನ ಬಿಡಿಸ್ತಾರಾ?"

ನಾನು ನಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಗರ್ಭಕೋಶಕ್ಕೆ ಇನ್ನೇನು ಕೆಲಸ ಎಂಬ ಮಾತು ನನಗೆ ಹೊಸದಲ್ಲ. ಆರು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ನನಗೂ ಅದೇ ಹೇಳಿದ್ದರು. ಆಗ ನನಗೆ ಮೂವತ್ತೆರಡು. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ ಅಂತ ಹೋಗಿದ್ದೆ. ಬೇಡದ ಚೀಲ ಯಾಕೆ ಹೊತ್ಕೊಂಡು ತಿರುಗ್ತೀಯಾ ಅಂದರು. ಕೆಲಸಗಾರರ ಕಾರ್ಡಿನಲ್ಲಿ ಆಪರೇಷನ್ ಪುಕ್ಕಟೆ ಅಂದರು. ನನಗೆ ಗೊತ್ತಿದ್ದುದೇ ಹೊರುವುದು. ಒಂದು ಚೀಲ ಕಡಿಮೆಯಾದರೆ ಆಗಲಿ ಅಂದುಕೊಂಡೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರು ಎಂದು ಗೊತ್ತಾಗಿದ್ದು ಹೊಲಿಗೆ ಬಿಚ್ಚುವ ದಿನ, ಇಬ್ಬರು ನರ್ಸುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡಾಗ. ಆವತ್ತಿನ ಹಸಿರು ಬಟ್ಟೆ ಕೆಳಗೆ ಹೋದಾಗ ಅಕ್ಕನೇ ತಣ್ಣೀರಿನಲ್ಲಿ ನೆನೆಸಿ ಒಗೆದಿದ್ದಳು. ನನ್ನದು ಎಂದು ಗೊತ್ತಿದ್ದೇ ಒಗೆದಳಂತೆ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲವಂತೆ.

ನಮ್ಮ ಹನ್ನೊಂದು ಜನರಲ್ಲಿ ಐವರದು ತೆಗೆದಾಗಿದೆ. ಒಬ್ಬಳಿಗೆ ಇಪ್ಪತ್ತೊಂಬತ್ತು ವಯಸ್ಸು. ಸೀಟಿಗೆ ಬಲು ಖುಷಿ. "ತೆಗೆಸ್ಕೊಂಡ್ರೆ ತಿಂಗಳು ತಿಂಗಳು ರಜೆ ಕೇಳೋ ಕಾಟ ತಪ್ಪುತ್ತೆ" ಅನ್ನುತ್ತಾನೆ. ಅವನಿಗೆ ತಪ್ಪಿತು, ಸರಿ. ನನಗೆ ಮಾತ್ರ ನಿಂತಲ್ಲೇ ಮೈಗೆ ಬೆಂಕಿ ಹತ್ತಿದ ಹಾಗೆ ಬೆವರುತ್ತದೆ. ಒದ್ದೆ ಗಂಟು ಎತ್ತಿದರೆ ಬೆನ್ನುಮೂಳೆ ಲಟಕ್ಕೆನ್ನುತ್ತದೆ. ಮೂವತ್ತೆಂಟಕ್ಕೆ ನಮ್ಮತ್ತೆಯ ಮೊಣಕಾಲು ನನಗೆ ಬಂದಿದೆ. ಅವರ ಒಡವೆ ಬರಲಿಲ್ಲ, ಮೊಣಕಾಲು ಬಂತು.

ಅಕ್ಕ ಡಾಕ್ಟರ ಮಾತು ಕೇಳಿ ಮಾತ್ರೆ ನಿಲ್ಲಿಸಿದಳು. ಬೇರೆ ದಾರಿಯೂ ಇರಲಿಲ್ಲ. ಗಂಡ ನಾಲ್ಕು ಔಷಧಿ ಅಂಗಡಿ ತಿರುಗಿದ. ಹೊಸ ಚೀಟಿಯಿಲ್ಲದೆ ಕೊಡುವುದಿಲ್ಲ ಅಂದರು. ಐದನೇ ಅಂಗಡಿಯವನು ಕನಿಕರಪಟ್ಟು ಏನೋ ಕೊಟ್ಟ. ಅದು ಗ್ಯಾಸ್ಟ್ರಿಕ್ಕಿನ ಮಾತ್ರೆ. ಗಂಡ ಪಾಪ, ಬಿಳಿಯಾಗಿದೆ, ಸಣ್ಣಗಿದೆ, ಅದೇ ಇರಬೇಕು ಅಂದುಕೊಂಡು ತಂದಿದ್ದ.

ಅಲಾರಂ ತೆಗೆಯಲು ಅವನಿಗೆ ಮನಸ್ಸು ಬರಲಿಲ್ಲ. ಎಂಟು ಗಂಟೆಗೆ ಕೋಳಿ ಕೂಗುತ್ತಿತ್ತು. ಅಕ್ಕನ ಕೈಯಲ್ಲಿ ಮಾತ್ರೆ ಇರುತ್ತಿರಲಿಲ್ಲ. ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಆರನೇ ವಾರ ನೋವು ಬಂತು. ಬೆಳಿಗ್ಗೆ ಬಟ್ಟೆಯ ತುದಿಯನ್ನು ರೋಲರಿಗೆ ಕೊಡುತ್ತಿದ್ದಳು. ಕಣ್ಣು ಮೇಲೆ ಹೋಯಿತು. ಮುಂದಕ್ಕೆ ಬಾಗಿದಳು. ಮೊಣಕೈ ಕೆಳಗಿನ ಚರ್ಮ ಬಿಸಿ ತಗಡಿಗೆ ತಾಗಿತು. ನಾನು ಕೆಂಪು ಹಗ್ಗ ಎಳೆದೆ. ರೋಲರು ನಿಂತಿತು. ಅವಳು ನೆಲಕ್ಕೆ ಬಿದ್ದಳು. ಸಿಮೆಂಟಿನ ಮೇಲೆ ರಕ್ತ ಹರಿಯಿತು. ಸೀಟಿ ಓಡಿ ಬಂದ. ನಿಂತ ರೋಲರು ನೋಡಿದ. ನೆಲ ನೋಡಿದ. ಏನೋ ಹೇಳಲು ಬಾಯಿ ತೆರೆದ. ನಾನು ಅವನ ಮುಖವನ್ನೇ ನೋಡಿದೆ. ಹತ್ತು ಜನರೂ ನೋಡಿದರು. ಬಾಯಿ ಮುಚ್ಚಿಕೊಂಡ.

ಸುಟ್ಟ ಜಾಗಕ್ಕೆ ಮುಲಾಮು ಹಚ್ಚುವಾಗ ಅಕ್ಕ ಅಂದಳು, "ನಾಳೆ ಮಂಗಳವಾರ. ಹೆಂಗಸರ ಡಾಕ್ಟರು ಕೂರೋ ದಿನ. ನಾನು ಹೋಗ್ತೀನಿ. ನೀನೂ ಬಾ."

"ನಾನ್ಯಾಕೆ?"

"ಎತ್ತಿಕೊಂಡು ಬರಕ್ಕೆ ಒಬ್ರು ಬೇಕಲ್ಲ. ಇಲ್ಲಾಂದ್ರೆ ಅಲ್ಲೇ ಮಲಗಿಸ್ಕೊಂಡು ತೆಗೆದುಬಿಡ್ತಾರೆ."

ಮರುದಿನ ಹತ್ತೂವರೆಗೆ ನಾವಿಬ್ಬರೂ ನೀಲಿ ಯೂನಿಫಾರಂನಲ್ಲೇ ಮೇಲೆ ಹೋದೆವು. ಅಕ್ಕನ ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರುಗಳು. ಟೋಕನ್ ತಗೊಂಡೆವು. ಬೆಂಚಿನ ಮೇಲೆ ಕೂತೆವು. ಬ್ಲೀಚಿನ ವಾಸನೆಗೋ ಏನೋ, ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು. ಬಾಗಿಲಲ್ಲಿದ್ದ ನರ್ಸು, "ಲಾಂಡ್ರಿಯವರು ಮಧ್ಯಾಹ್ನ ಬನ್ನಿ. ಈಗ ಪೇಷಂಟ್ಸ್ ಇರ್ತಾರೆ" ಅಂದಳು.

"ನಾವೂ ಪೇಷಂಟ್ಸೇ ಸಿಸ್ಟರ್. ಟೋಕನ್ ನೋಡಿ, ಹದಿನಾಲ್ಕು," ಅಂದಳು ಅಕ್ಕ.

ಹದಿನಾಲ್ಕು ಕರೆದರು. ಒಳಗೆ ಹೋದೆವು. ಡಾಕ್ಟರು ತಲೆ ಎತ್ತದೆ ಬರೆಯುತ್ತಿದ್ದರು. ನೀಲಿ ಬಣ್ಣ ಕಣ್ಣಂಚಿಗೆ ಬಿದ್ದಿರಬೇಕು.

"ಪರದೆ ಆಮೇಲೆ ತಗೊಂಡ್ಹೋಗಿ. ಈಗ ಓಪಿಡಿ ನಡೀತಿದೆ."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಾನು ಹಿಂದೆ ನಿಂತೆ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಗರ್ಭಕೋಶವೊಂದಿತ್ತು, ಪಾಠ ಹೇಳಲು ಇಟ್ಟಿರುತ್ತಾರಲ್ಲ, ಆ ಥರದ್ದು. ಫ್ಯಾನಿನ ಗಾಳಿಗೆ ಕಾಗದ ಹಾರದಿರಲಿ ಎಂದು ಅದನ್ನು ಕಾಗದಗಳ ಮೇಲೆ ಇಟ್ಟಿದ್ದರು.

"ಪರದೆಗೆ ಬಂದಿಲ್ಲ ಸಾರ್. ಮಾತ್ರೆಗೆ ಬಂದಿದೀನಿ," ಎಂದು ಅಕ್ಕ ಹಳೆಯ ಚೀಟಿ ಮುಂದಿಟ್ಟಳು. "ನೀವು ನಿಲ್ಸು ಅಂದ್ರಿ, ನಿಲ್ಸಿದೆ. ಆರನೇ ವಾರಕ್ಕೆ ಮೊದಲಿನ ಥರವೇ ಬಂತು. ನಿನ್ನೆ ಬಿದ್ದು ಕೈ ಸುಟ್ಕೊಂಡೆ. ಆ ಮಾತ್ರೆ ಮತ್ತೆ ಬರೆದುಕೊಡಿ."

ಡಾಕ್ಟರು ಚೀಟಿ ನೋಡಿದರು. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ? ಇದಕ್ಕೆಲ್ಲ ಪರ್ಮನೆಂಟ್ ಅಂದ್ರೆ ಆಪರೇಷನ್ನೇ. ಮುಂದಿನ ವಾರ ಡೇಟ್ ಕೊಡ್ತೀನಿ. ಕಾರ್ಡ್ ಇದೆಯಲ್ಲ, ನಿಂಗೇನೂ ಖರ್ಚಿಲ್ಲ."

"ತೆಗೆದ್ರೂ ಹೊರಗಡೆ ಬೆಳೆದಿರೋದು ಹೋಗಲ್ಲ ಅಂತ ಡಾಕ್ಟರಮ್ಮ ಹೇಳಿದ್ರು. ಹೌದಾ ಅಲ್ವಾ ಸಾರ್?"

ಡಾಕ್ಟರು ಪೆನ್ನು ತಿರುಗಿಸಿದರು. "ಕೆಲವರಿಗೆ ಹೋಗುತ್ತೆ, ಕೆಲವರಿಗೆ ಇಲ್ಲ."

"ಮಾತ್ರೆ ನನಗೆ ಕೆಲಸ ಮಾಡ್ತಿತ್ತಲ್ಲ."

"ಹಾರ್ಮೋನ್ ಅಮ್ಮಾ ಅದು. ಜಾಸ್ತಿ ದಿನ ತಗೊಂಡ್ರೆ ಮೂಳೆಗೆ ಒಳ್ಳೇದಲ್ಲ."

ಅಕ್ಕ ತಿರುಗಿ ನನ್ನನ್ನು ತೋರಿಸಿದಳು. "ಇವಳದ್ದು ಮೂವತ್ತೆರಡಕ್ಕೇ ಎಲ್ಲಾ ತೆಗೆದ್ರಲ್ಲ, ಇವಳ ಮೂಳೆಗೆ ಒಳ್ಳೇದಾಯ್ತಾ? ಒಂದ್ಸಲ ಕೂತು ಎದ್ದು ತೋರ್ಸೇ. ಸದ್ದು ಕೇಳಿಸ್ಕೊಳ್ಲಿ."

ನಾನು ಕೂರಲಿಲ್ಲ. ಆದರೆ ನಗು ಬಂತು. ನರ್ಸಿಗೂ ಬಂತು, ಅವಳು ಫೈಲು ಅಡ್ಡ ಹಿಡಿದಳು. ಡಾಕ್ಟರಿಗೆ ಬರಲಿಲ್ಲ.

"ನಾನು ಡಾಕ್ಟರಾ, ನೀನು ಡಾಕ್ಟರಾ?"

"ನೀವೇ ಸಾರ್. ಆದ್ರೆ ಹೊಟ್ಟೆ ನಂದು. ಪರೀಕ್ಷೆ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆರು ತಿಂಗಳಿಗೊಂದ್ಸಲ ರಕ್ತ ಕೊಡ್ತೀನಿ, ಮೂಳೆ ಫೋಟೋ ತೆಗೆಸ್ತೀನಿ. ಏನಾದ್ರೂ ಎಡವಟ್ಟಾದ್ರೆ ನಾನೇ ನಿಲ್ಲಿಸ್ತೀನಿ. ಮಾತ್ರೆ ನಿಮ್ಮ ಕಾರ್ಡಿಂದ ಬೇಡ, ನಮ್ಮ ಮನೆಯವರು ತಂದುಕೊಡ್ತಾರೆ. ನಿಮ್ಮಿಂದ ಬೇಕಾಗಿರೋದು ಒಂದು ಚೀಟಿ."

"ಸುಮ್ನೆ ಟೈಮ್ ವೇಸ್ಟ್. ನಿಂಗೆ ಅದು ಬೇಕಾಗೇ ಇಲ್ಲ ಅಂದ್ಮೇಲೆ..."

ಅಕ್ಕ ಮೇಜಿನ ಮೇಲಿನ ಪ್ಲಾಸ್ಟಿಕ್ಕನ್ನು ನೋಡಿದಳು. "ಇದನ್ನಾದ್ರೂ ಪೇಪರ್ ಹಾರದೆ ಇರ್ಲಿ ಅಂತ ಇಟ್ಕೊಂಡಿದೀರ. ನಂದು ಅಷ್ಟಕ್ಕೂ ಬೇಡವಾ ಸಾರ್?"

ಡಾಕ್ಟರು ಬೆಲ್ ಒತ್ತಿದರು. "ಸಿಸ್ಟರ್, ನೆಕ್ಸ್ಟ್."

ಅಕ್ಕ ಏಳಲಿಲ್ಲ.

ನರ್ಸು ಬಾಗಿಲು ಪೂರ್ತಿ ತೆರೆದು "ಹದಿನೈದು" ಎಂದು ಕೂಗಿದಳು. ಒಬ್ಬ ಹೆಂಗಸು ಒಳಗೆ ಬಂದರು. ಆಫೀಸಿಗೆ ಹೋಗುವ ಉಡುಪು, ಹೆಗಲಲ್ಲಿ ಚರ್ಮದ ಬ್ಯಾಗು, ಕೈಯಲ್ಲಿ ಕೀಲಿಗೊಂಚಲು. ಕುರ್ಚಿಯಲ್ಲಿ ಅಕ್ಕನನ್ನು ನೋಡಿ ನಿಂತರು.

"ಏಳಮ್ಮಾ," ಅಂದರು ಡಾಕ್ಟರು.

"ಚೀಟಿ ಕೊಡಿ, ಏಳ್ತೀನಿ."

"ಸೆಕ್ಯೂರಿಟಿ ಕರೀಬೇಕಾ?"

"ಕರೀರಿ ಸಾರ್. ಅವರ ಯೂನಿಫಾರಂ ಒಗೆಯೋರೂ ನಾವೇ. ಇವತ್ತು ಬಟನ್ ಬಿಟ್ಟುಹೋಗಿದ್ರೆ ಹೊಲೀಬೇಕು, ನೋಡ್ಕೋತೀನಿ."

ಮೇಜಿನ ಕೆಳಗೆ ಅವಳ ಪಾದ ನೆಲಕ್ಕೆ ತಟತಟ ಬಡಿಯುವುದು ನನಗೆ ಕಾಣುತ್ತಿತ್ತು. ನಗುತ್ತ ಮಾತಾಡುವವಳ ಬೆನ್ನು ಬೆವರಿ ನೀಲಿ ಅಂಗಿ ಕಪ್ಪಾಗಿತ್ತು. ಹೊಟ್ಟೆಯ ಮೇಲೆ ಕೈ ಒತ್ತಿಕೊಂಡಿದ್ದಳು. ಆ ಹೊತ್ತಿಗೂ ಅವಳಿಗೆ ರಕ್ತ ಹೋಗುತ್ತಲೇ ಇತ್ತು. ಕುರ್ಚಿ ಕೊಳೆಯಾದರೆ ಏನು ಗತಿ ಎಂದು ನಾನು ಯೋಚಿಸಿದೆ. ಆಮೇಲೆ, ಆದರೆ ಆಗಲಿ, ನಾವೇ ತಾನೆ ಒರೆಸುವವರು ಅಂದುಕೊಂಡೆ.

ಬ್ಯಾಗಿನ ಹೆಂಗಸು ಕೈಗಡಿಯಾರ ನೋಡಿಕೊಂಡರು. "ಡಾಕ್ಟ್ರೇ, ನಂದು ಎರಡೇ ನಿಮಿಷ. ಅದೇ ಮಾತ್ರೆ, ಚೀಟಿ ರಿನ್ಯೂ ಮಾಡ್ಕೊಟ್ರೆ ಸಾಕು."

ಅವರ ಕೈಯಲ್ಲಿದ್ದ ಖಾಲಿ ಪಟ್ಟಿ ಅಕ್ಕನ ಕಣ್ಣಿಗೆ ಬಿತ್ತು. ಅವಳು ಅದನ್ನು ಕತ್ತಲಲ್ಲೂ ಗುರುತು ಹಿಡಿಯುತ್ತಾಳೆ. ತುದಿಯ ನೇರಳೆ ಗೆರೆ, ಸಾಲಿಗೆ ಏಳು ಗುಂಡಿ.

"ಅಮ್ಮಾ, ನೀವು ಎಷ್ಟು ದಿನದಿಂದ ತಗೋತಿದೀರ ಇದನ್ನ?"

ಆ ಹೆಂಗಸಿಗೆ ಒಂದು ಕ್ಷಣ ಮುಜುಗರವಾಯಿತು. ಆಮೇಲೆ ಹೇಳಿದರು. "ನಾಲ್ಕು ವರ್ಷ ಆಯ್ತು. ಯಾಕೆ?"

"ನಿಮ್ಮ ಸ್ಕ್ಯಾನ್ ಕ್ಲೀನ್ ಇದೆಯಾ?"

"ಕ್ಲೀನೇ ಇದೆ. ಅದು ಮಾತ್ರೆಯಿಂದಲೇ ಅಂತ ಇವರೇ ಹೇಳಿದ್ರಲ್ಲ."

ಅಕ್ಕ ಡಾಕ್ಟರ ಮುಖ ನೋಡಿದಳು. ಡಾಕ್ಟರು ಕಾಗದ ಸರಿಸಿದರು.

"ಅವರ ಕೇಸ್ ಬೇರೆ."

"ಏನು ಬೇರೆ ಸಾರ್?"

"ಅವರು ಎಜುಕೇಟೆಡ್. ಟೈಮಿಗೆ ಸರಿಯಾಗಿ ತಗೋತಾರೆ. ನಿಮ್ಮಂಥೋರು ಒಂದಿನ ತಗೋತೀರಿ, ಒಂದಿನ ಮರೀತೀರಿ. ಆಮೇಲೆ ಬ್ಲೀಡಿಂಗ್ ಆಯ್ತು ಅಂತ ಬಂದು ನಮ್ಮ ತಲೆ ತಿಂತೀರಿ. ಅದಕ್ಕಿಂತ ತೆಗೆದುಬಿಡೋದೇ ವಾಸಿ."

ನನ್ನ ಮೈಗೆ ಬೆಂಕಿ ಹತ್ತಿತು. ಈ ಸಲ ಅದು ದಿನಾ ಬರುವ ಬೆಂಕಿಯಾಗಿರಲಿಲ್ಲ. ನಿಮ್ಮಂಥೋರು. ಆರು ವರ್ಷದಿಂದ ಯಾಕೆ ಯಾಕೆ ಎಂದು ನಾನು ತಡಕಾಡುತ್ತಿದ್ದುದಕ್ಕೆ ಒಂದೇ ಪದದ ಉತ್ತರ ಸಿಕ್ಕಿತ್ತು.

ಅಕ್ಕ ಸಿಟ್ಟಾಗಲಿಲ್ಲ. ಸುರುಳಿ ಬಿಚ್ಚಿದಳು. ಎದ್ದು ನಿಂತು, ಮೂರು ವರ್ಷದ ಕ್ಯಾಲೆಂಡರುಗಳನ್ನು ಆ ಮೇಜಿನ ಮೇಲೆ ಹಾಸಿದಳು. ಹಾಸಿಗೆಗೆ ಬಟ್ಟೆ ಹಾಸುವ ಹಾಗೆ, ಮೂಲೆ ಮೂಲೆ ಸವರಿ.

"ಓದಿ ಸಾರ್. ನಾನು ಬರೆದಿರೋದು. ಜ್ವರ ಅಂದ್ರೆ ಕಮ್ಮಿ. ಹೆರಿಗೆ ಅಂದ್ರೆ ಜಾಸ್ತಿ. ಥಿಯೇಟರ್ ಅಂದ್ರೆ ಎದ್ದು ನಿಲ್ಲಕ್ಕಾಗದ ದಿನ. ಇದು ಮೊದಲನೇ ವರ್ಷ, ಹೆರಿಗೆ ಹೆರಿಗೆ ಥಿಯೇಟರ್ ಥಿಯೇಟರ್. ಇಲ್ಲಿ ಮಾತ್ರೆ ಶುರು. ಇಲ್ಲಿ ಮೂರು ತಿಂಗಳು ಜ್ವರ. ಇಲ್ಲಿಂದ ನೋಡಿ, ಏನೂ ಇಲ್ಲ. ತಿರುಗಿಸಿ. ಏನೂ ಇಲ್ಲ. ಎರಡು ವರ್ಷದಲ್ಲಿ ಒಂದಿನ ಮರೆತಿಲ್ಲ. ಬೆಳಿಗ್ಗೆ ಎಂಟಕ್ಕೆ ನಮ್ಮನೆಯವರು ಕೋಳಿ ಕೂಗಿಸ್ತಾರೆ, ಬೇಕಾದ್ರೆ ಕೇಳಿಸ್ತೀನಿ." ಅವಳು ಫೋನು ಒತ್ತಿಯೇಬಿಟ್ಟಳು. ಹೆಂಗಸರ ಡಾಕ್ಟರ ಕೋಣೆಯಲ್ಲಿ ಹುಂಜ ಕೂಗಿತು. ಹೊರಗಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. "ಇಲ್ಲಿ ನೀವು ನಿಲ್ಸು ಅಂದ್ರಿ. ಇಲ್ಲಿ ಥಿಯೇಟರ್. ಇದು ನಿನ್ನೆ."

ನಿನ್ನೆಯ ಚೌಕದ ಮೇಲೆ ಅವಳ ಬೆರಳಿತ್ತು. ಬೆರಳ ಹಿಂದೆ, ಮೊಣಕೈ ಕೆಳಗೆ, ಸುಟ್ಟ ಬೊಬ್ಬೆ ಹೊಳೆಯುತ್ತಿತ್ತು.

ಡಾಕ್ಟರು ನೋಡಿದರು. ಹಿಂದಿನ ಪುಟ ತಿರುವಿದರು. ಇನ್ನೊಂದು ತಿರುವಿದರು. ಅವರು ಕೆಟ್ಟ ಮನುಷ್ಯ ಅಂತ ನನಗೆ ಅನ್ನಿಸಲಿಲ್ಲ. ಅವರಿಗೆ ನಾವು ಓದುಬರಹ ಬಂದವರಾಗಿ ಕಾಣಿಸಿದ್ದು ಅದೇ ಮೊದಲು, ಅಷ್ಟೆ. ಅಷ್ಟಕ್ಕೆ ಒಬ್ಬ ಹೆಂಗಸಿನ ಕೈ ಸುಡಬೇಕಾಯಿತು.

"ಬರೆದುಕೊಡಿ ಡಾಕ್ಟ್ರೇ," ಅಂದರು ಬ್ಯಾಗಿನ ಹೆಂಗಸು. "ನನಗೆ ಕೊಡೋದನ್ನ ಅವರಿಗೆ ಕೊಡಕ್ಕೇನು? ಅವರು ಬರೆದಿಟ್ಟ ಹಾಗೆ ನಾನೂ ಬರೆದಿಟ್ಟಿಲ್ಲ."

ಡಾಕ್ಟರು ಚೀಟಿಪುಸ್ತಕ ಎಳೆದುಕೊಂಡರು. ಬರೆದರು. ಆಮೇಲೆ ಇನ್ನೊಂದು ಕಾಗದದಲ್ಲೂ ಏನೋ ಬರೆದು, ಇಂಕಿನ ಪ್ಯಾಡು ಮುಂದೆ ತಳ್ಳಿದರು.

"ಮೂರು ತಿಂಗಳಿಗೆ ಬರೆದಿದೀನಿ. ಆಪರೇಷನ್ ಬೇಡ ಅಂದಿದ್ದು ನೀವೇ ಅಂತ ಇಲ್ಲಿ ಹೆಬ್ಬೆಟ್ಟು ಒತ್ತಿ."

ಅಕ್ಕ ಪ್ಯಾಡನ್ನು ವಾಪಸ್ ಅವರ ಕಡೆ ತಳ್ಳಿ, ಅವರ ಕೈಯಿಂದಲೇ ಪೆನ್ನು ತಗೊಂಡು ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಇನಿಷಿಯಲ್ಲೂ ಬಿಡಲಿಲ್ಲ. ಬರೆದು, ನನ್ನ ಕಡೆ ತಿರುಗಿ, ಮೆಲ್ಲಗೆ ಅಂದಳು, "ಕೇಳಿಸ್ಕೊಂಡ್ಯೇನೇ? 'ನೀವು' ಅಂದ್ರು."

ಮೂರು ತಿಂಗಳು. ಆಮೇಲೆ ಮತ್ತೆ ಬರಬೇಕು, ಮತ್ತೆ ಕೂರಬೇಕು, ಮತ್ತೆ ಕೇಳಬೇಕು. ಬ್ಯಾಗಿನ ಹೆಂಗಸಿಗೆ ಡಾಕ್ಟರು ನಿಂತಲ್ಲೇ ಒಂದು ವರ್ಷಕ್ಕೆ ಬರೆದುಕೊಟ್ಟರು. ಅಕ್ಕ ಆ ಚೀಟಿಯನ್ನೂ ನೋಡಿದಳು, ತನ್ನದನ್ನೂ ನೋಡಿದಳು. ಈ ಜಗಳ ಮುಂದಿನ ಸಲಕ್ಕಿರಲಿ ಎನ್ನುವ ಹಾಗೆ ತನ್ನ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡಳು. ಕ್ಯಾಲೆಂಡರು ಸುತ್ತಿದಳು. ಪಕ್ಕಕ್ಕೆ ಸರಿದಳು. ಕುರ್ಚಿ ಕೊಳೆಯಾಗಿರಲಿಲ್ಲ.

"ನಡಿಯೇ, ಸೀಟಿ ಕಾಯ್ತಿರ್ತಾನೆ," ಅಂದಳು.

ನಾನು ನಡೆಯಲಿಲ್ಲ. ಕೂತುಬಿಟ್ಟೆ. ಕೂರುವಾಗ ಮೊಣಕಾಲು ಲಟಕ್ಕೆಂದಿತು. ಡಾಕ್ಟರಿಗೂ ಕೇಳಿಸಿರಬೇಕು.

"ನಿಮ್ಮದೇನಮ್ಮಾ?"

"ನಂದು ಆರು ವರ್ಷದ ಹಿಂದಿನದು ಸಾರ್. ನನ್ನ ಫೈಲ್ ತೆಗೆಸಿ. ನನಗೆ ಏನಾಗಿತ್ತು, ಯಾಕೆ ತೆಗೆದ್ರು, ಅಂಡಾಶಯ ಯಾಕೆ ತೆಗೆದ್ರು, ನನ್ನನ್ನ ಯಾಕೆ ಕೇಳ್ಲಿಲ್ಲ, ಮಾತ್ರೆ ಅಂತ ಒಂದು ಇದೆ ಅಂತ ಯಾಕೆ ಹೇಳ್ಲಿಲ್ಲ. ಓದಿ ಹೇಳಿ."

ಡಾಕ್ಟರು ಕನ್ನಡಕ ತೆಗೆದರು. "ನೋಡೀಮ್ಮಾ, ಆಗ ನಾನು ಈ ಆಸ್ಪತ್ರೆಯಲ್ಲಿ ಇರ್ಲೇ ಇಲ್ಲ."

"ನಾನಿದ್ದೆ ಸಾರ್," ಅಂದೆ.

ಹೊರಗಿನ ಬೆಂಚಿನಲ್ಲಿ ಹದಿನಾರು, ಹದಿನೇಳು, ಹದಿನೆಂಟು, ಎಲ್ಲ ಟೋಕನ್ನಿನವರೂ ಕತ್ತು ಉದ್ದ ಮಾಡಿ ಒಳಗೆ ನೋಡುತ್ತಿದ್ದರು. ಡಾಕ್ಟರು ನರ್ಸಿಗೆ ಕಣ್ಣಿನಲ್ಲೇ ಬಾಗಿಲು ತೋರಿಸಿದರು. ನರ್ಸು ಹಿಡಿಗೆ ಕೈ ಹಾಕಿದಳು. ಅಕ್ಕ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ತೆಗೆದೇ ಇರ್ಲಿ ಸಿಸ್ಟರ್. ಒಳಗಡೆ ತುಂಬಾ ಸೆಕೆ," ಅಂದಳು.

ಬಾಗಿಲು ತೆರೆದೇ ಇತ್ತು. ನಾನು ಮೊದಲಿನಿಂದ ಹೇಳತೊಡಗಿದೆ.